ಚಾರ್ಜರ್‌ಗೆ ಅಂಟು ಬೇಡ, ಸ್ಕ್ರೂ ಹಾಕಿ

ಮಾನ್ಯ ಸಂಪಾದಕರೇ,

ತಿಪಟೂರಿನಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಮದುವೆ ಸೀಸನ್ ಬಂದರೆ ಫ್ಲ್ಯಾಷ್‌ನ ಪೆನ್ಸಿಲ್ ಸೆಲ್‌ಗಳನ್ನು ರಾತ್ರಿ ಚಾರ್ಜ್‌ಗೆ ಹಾಕದೆ ಮಲಗುವಂತಿಲ್ಲ. ಮೇಜಿನ ಮೇಲಿಡುವ ಆ ಚಾರ್ಜರ್ ಈಚೆಗೆ ಕೈಕೊಟ್ಟಿತು. ದೀಪ ಮಿಣುಕುತ್ತದೆ, ಸೆಲ್ ಮಾತ್ರ ಚಾರ್ಜ್ ಆಗುವುದಿಲ್ಲ. "ಹೊಸದೇ ತಗೊಳ್ಳಿ ಸಾರ್, ಇದನ್ನ ಯಾರೂ ಬಿಚ್ಚಲ್ಲ" ಅಂದರು ಅಂಗಡಿಯವರು. ಸರಿ, ನಾನೇ ಬಿಚ್ಚಿದೆ.

ಸ್ಟಿಕ್ಕರ್ ಕೆಳಗೆ ಸ್ಕ್ರೂ ಅಡಗಿತ್ತು. ಅದರ ತಲೆಯಲ್ಲಿ ಮೂರು ಮೂಲೆಯ ಗುಳಿ, ಮಾಮೂಲಿ ಸ್ಕ್ರೂಡ್ರೈವರ್ ಕೂರುವುದಿಲ್ಲ. ಅದಕ್ಕೆ ಹೊಂದುವ ಬಿಟ್ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಬೇಕಾಯಿತು. ಇಷ್ಟಾದರೂ ಸುತ್ತಲೂ ಅಂಟು. ಬ್ಲೇಡ್ ಹಾಕಿ ಎಬ್ಬಿಸಿದಾಗ ಒಳಗಿನ ಕೊಂಡಿಗಳು ಪಟಪಟ ಮುರಿದವು. ಕೆಟ್ಟಿದ್ದೇನು ಅಂದರೆ ತಲೆ ಉಬ್ಬಿದ ಒಂದು ಕೆಪಾಸಿಟರ್ (ಕರೆಂಟ್ ಕೂಡಿಟ್ಟುಕೊಳ್ಳುವ ಪುಟ್ಟ ಭಾಗ), 470 ಮೈಕ್ರೋಫ್ಯಾರಡ್, 16 ವೋಲ್ಟ್. ಯಾವ ರೇಡಿಯೊ ರಿಪೇರಿ ಅಂಗಡಿಯಲ್ಲೂ ಹತ್ತು ರೂಪಾಯಿಗೆ ಸಿಗುವ ಮಾಲು. (ಮನೆಯಲ್ಲಿ ಬಿಚ್ಚುವವರು ಹುಷಾರು. ಕರೆಂಟ್ ಒಳಗೆ ಬರುವ ಕಡೆಯ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು.)

ಮತ್ತೆ ಜೋಡಿಸುವುದು ಇನ್ನೂ ನಾಜೂಕಿನ ಕೆಲಸ. ಸೆಲ್ ಕೂರುವ ಜಾಗಕ್ಕೆ ತಾಗಿಕೊಂಡು, ಎರಡು ತೆಳು ಕಾಲುಗಳ ಮೇಲೆ ಸಾಸಿವೆಯಂಥ ಕಪ್ಪು ಮಣಿಯೊಂದಿತ್ತು. ಅದು ಥರ್ಮಿಸ್ಟರ್, ಅಂದರೆ ಸೆಲ್ಲಿನ ಬಿಸಿ ಅಳೆಯುವ ಭಾಗ. ನಿಕಲ್ ಮೆಟಲ್ ಹೈಡ್ರೈಡ್ ಜಾತಿಯ ಈ ಪೆನ್ಸಿಲ್ ಸೆಲ್ ತುಂಬಿದಾಗ ವೋಲ್ಟೇಜ್ ಕೆಲವೇ ಮಿಲಿವೋಲ್ಟ್ ಇಳಿಯುತ್ತದೆ, ಮೈ ಬಿಸಿಯಾಗುತ್ತದೆ. ಆ ಇಳಿತ ನೋಡಿಯೇ ಚಾರ್ಜರ್ ಚಾರ್ಜ್ ನಿಲ್ಲಿಸುತ್ತದೆ. ಅದು ಚಾರ್ಜರ್‌ನ ಗಮನಕ್ಕೆ ಬಾರದೆ ಹೋದರೆ ಸೆಲ್ ಉಳಿಸುವುದು ಈ ಮಣಿಯೇ. ಮುಚ್ಚಳ ಒತ್ತುವಾಗ ಅದು ಪಕ್ಕಕ್ಕೆ ಬಾಗಿದರೆ ಬಿಸಿ ಗೊತ್ತಾಗುವುದಿಲ್ಲ, ಸೆಲ್ ರಾತ್ರಿಯಿಡೀ ಬೇಯುತ್ತದೆ. ಬಿಚ್ಚುವಾಗಲೇ ಪ್ರತಿ ಹಂತದ ಫೋಟೊ ತೆಗೆದಿಟ್ಟಿದ್ದೆ, ನನ್ನ ಕಸುಬೇ ಅದಲ್ವಾ! ಹಾಗಾಗಿ ಮಣಿ ತನ್ನ ಜಾಗಕ್ಕೇ ಬಂತು. ಎಲ್ಲರೂ ಹೀಗೆ ಮಾಡುವುದಿಲ್ಲ.

ಚಾರ್ಜರ್ ಈಗ ಚೆನ್ನಾಗಿ ಕೆಲಸ ಮಾಡುತ್ತಿದೆ. ಆದರೆ ಒಳಗೆ 230 ವೋಲ್ಟ್ ಓಡುವ ಡಬ್ಬಿ ಇನ್ಸುಲೇಷನ್ ಟೇಪಿನ ಆಧಾರದ ಮೇಲೆ ನಿಂತಿದೆ. ಅಂಟು ಹಾಕುವುದು ಗ್ರಾಹಕರ ಸುರಕ್ಷತೆಗೆ ಅನ್ನುವವರು ಇದಕ್ಕೇನು ಹೇಳುತ್ತಾರೆ? ಸುತ್ತಲೂ ಅಂಟಿನ ಬದಲು ಸ್ಕ್ರೂಗಳೇ ಇದ್ದಿದ್ದರೆ ಮೊದಲಿನಷ್ಟೇ ಭದ್ರವಾಗಿ ಮುಚ್ಚಬಹುದಿತ್ತು.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿತು. ಸಾಮಾನು ರಿಪೇರಿಗೆ ಎಷ್ಟು ಸುಲಭ ಅಂತ ಅಂಕ ಕೊಡುವ ಸೂಚ್ಯಂಕದ ವರದಿಯೂ 2025ರಲ್ಲಿ ಬಂತು. ಅದು ಮೊದಲು ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್‌ಗಳಿಗಂತೆ. ಚಾರ್ಜರ್, ಎಮರ್ಜೆನ್ಸಿ ಲೈಟು, ಟ್ರಿಮ್ಮರ್ ಇವುಗಳ ಸರದಿ ಯಾವಾಗ? ದುಬಾರಿ ಫೋನನ್ನು ಜನ ಹೇಗೋ ರಿಪೇರಿ ಮಾಡಿಸುತ್ತಾರೆ. ಸುಮ್ನೆ ಕಸಕ್ಕೆ ಹೋಗುತ್ತಿರುವುದು ಈ ಸಣ್ಣ ಸಾಮಾನುಗಳೇ. ಇವನ್ನೂ ಪಟ್ಟಿಗೆ ಸೇರಿಸಲಿ. ಡಬ್ಬಿಗೆ ಮಾಮೂಲಿ ಸ್ಕ್ರೂ, ಜೊತೆಗೆ ಯಾವ ಭಾಗ ಎಲ್ಲಿ ಕೂರಬೇಕು ಅಂತ ತೋರಿಸುವ ಒಂದು ಪುಟದ ಚಿತ್ರ ಇರಬೇಕೆಂದು ಕಂಪನಿಗಳಿಗೆ ಇಲಾಖೆಯೇ ನಿಯಮ ಮಾಡಲಿ.

– ಒಬ್ಬ ಫೋಟೊಗ್ರಾಫರ್, ತಿಪಟೂರು