35 ವರ್ಷದ ಮೇಲೆ ಜಾಫ್ನಾ: ಯಾರ್ಯಾರ ಋಣ

1990ರ ಮಾರ್ಚ್ 24ರಂದು ಶ್ರೀಲಂಕಾಕ್ಕೆ ಹೋಗಿದ್ದ ಭಾರತೀಯ ಶಾಂತಿಪಾಲನಾ ಪಡೆಯ ಕೊನೆಯ ತುಕಡಿ ತ್ರಿಂಕೋಮಲಿಯಲ್ಲಿ ಹಡಗು ಹತ್ತಿತು. ಅದಕ್ಕೆ 35 ವರ್ಷ ತುಂಬುವ ಹೊತ್ತಿಗೆ, 2025ರ ಮಾರ್ಚ್‌ನಲ್ಲಿ, ಕರ್ನಾಟಕದ ಮಾಜಿ ಸೈನಿಕರೂ ಅಲ್ಲಿ ಮಡಿದವರ ಮನೆಯವರೂ ಸೇರಿದ ನಮ್ಮ ತಂಡ ಜಾಫ್ನಾ, ತ್ರಿಂಕೋಮಲಿ, ಕೊಲಂಬೊ ಮುಗಿಸಿಕೊಂಡು ಕ್ಷೇಮವಾಗಿ ವಾಪಸು ಬಂದಿದೆ. ‘ಸಹಕರಿಸಿದ ಎಲ್ಲರಿಗೂ ವಂದನೆಗಳು’ ಎಂದು ಒಂದು ಸಾಲು ಬರೆದು ಮುಗಿಸಬಹುದಿತ್ತು. ಆದರೆ ಯಾರು ಏನು ಮಾಡಿದರು ಅಂತ ಹೇಳದೆ ಮಾಡುವ ವಂದನೆ ಅರ್ಧ ವಂದನೆ. ಮುಂದೆ ಹೋಗುವವರಿಗೂ ಅದರಿಂದ ಏನೂ ಸಿಗುವುದಿಲ್ಲ. ಹಾಗಾಗಿ ಸ್ವಲ್ಪ ಬಿಡಿಸಿಯೇ ಬರೆಯುತ್ತಿದ್ದೇವೆ.

ಚಿಕ್ಕವರಿಗಾಗಿ ಎರಡು ಮಾತು. ನಮ್ಮ ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ದು 1987ರ ಜುಲೈ 29ಕ್ಕೆ. ಮಾರನೇ ದಿನವೇ ನಮ್ಮ ಸೇನೆಯ 54ನೇ ಇನ್‌ಫೆಂಟ್ರಿ ಡಿವಿಷನ್ ಜಾಫ್ನಾದ ಪಲಾಲಿ ವಿಮಾನ ನಿಲ್ದಾಣದಲ್ಲಿ ಇಳಿಯತೊಡಗಿತು. ಎರಡೂವರೆ ತಿಂಗಳೊಳಗೆ, ಅಕ್ಟೋಬರ್‌ನಲ್ಲಿ, ಎಲ್‌ಟಿಟಿಇ ಎಂಬ ತಮಿಳು ಬಂಡುಕೋರರ ವಿರುದ್ಧ ಆಪರೇಷನ್ ಪವನ್ ಶುರುವಾಯಿತು. ಶಾಂತಿ ಕಾಯಲು ಹೋದವರು ಜಾಫ್ನಾದ ಓಣಿ ಓಣಿಯಲ್ಲಿ ಯುದ್ಧ ಮಾಡಬೇಕಾಯಿತು. ಹಿಂದಿರುಗುವ ಹೊತ್ತಿಗೆ ನಮ್ಮ ಕಡೆ ಸುಮಾರು 1,200 ಜನ ಮಡಿದಿದ್ದರು.

ಮೊದಲ ಋಣ ನಕ್ಷೆ ಮಾಡಿಕೊಟ್ಟವರದು. 1987ರಲ್ಲಿ ಸೈನಿಕರ ಕೈಯಲ್ಲಿ ಸರಿಯಾದ ನಕ್ಷೆಯೇ ಇರಲಿಲ್ಲ ಎನ್ನುವುದು ಈಗ ಗುಟ್ಟೇನಲ್ಲ. ಆಗ ಡೈರಿಯಲ್ಲಿ ಗೀಚಿಟ್ಟ ಗ್ರಿಡ್ ರೆಫರೆನ್ಸ್ (ನಕ್ಷೆಯ ಚೌಕ ಹೇಳುವ ಅಂಕಿ), ಮೈಲಿಗೊಂದು ಇಂಚಿನ ಹಳೇ ಸಿಲೋನ್ ಶೀಟಿನ ಜೆರಾಕ್ಸ್, ಕಾಗದದಲ್ಲಿ ಬರೆದ ‘ಕೋವಿಲ್ (ದೇವಸ್ಥಾನ) ಪಕ್ಕದ ಬಾವಿ’: ಇಷ್ಟರಲ್ಲೇ ಜಾಗ ಹುಡುಕಬೇಕಿತ್ತು. ಸರ್ವೆ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ಮೂರು ತಿಂಗಳು ಕೂತು ಇದನ್ನೆಲ್ಲ ಫೋನಿನಲ್ಲಿ ತೆರೆಯುವ ಬಿಂದುಗಳಾಗಿ ಮಾಡಿಕೊಟ್ಟರು.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಹಳೇ ಸಿಲೋನ್ ನಕ್ಷೆಗಳ ಅಳತೆಗೆ ಆಧಾರ ‘ಕಂದವಾಲ’ ಡೇಟಮ್, ಅಂದರೆ ಅಕ್ಷಾಂಶ, ರೇಖಾಂಶ ಎಣಿಸುವ ಬುನಾದಿ ಲೆಕ್ಕ; ಅದರ ಕೆಳಗೆ ಭೂಮಿಯ ಆಕಾರಕ್ಕೆ ಹಿಡಿದ 1830ರ ಎವರೆಸ್ಟ್ ಗೋಳ. ಫೋನಿನ ಜಿಪಿಎಸ್ ನಡೆಯುವುದು ಡಬ್ಲ್ಯುಜಿಎಸ್ 84 ಎಂಬ ಬೇರೆ ಡೇಟಮ್‌ನಲ್ಲಿ. ಹಳೇ ಶೀಟಿನ ಅಕ್ಷಾಂಶ, ರೇಖಾಂಶವನ್ನು ಹಾಗೇ ಫೋನಿಗೆ ಹಾಕಿದರೆ ಜಾಫ್ನಾದಲ್ಲಿ ಜಾಗ ಇನ್ನೂರು ಮೀಟರಿಗೂ ಹೆಚ್ಚು ಪಶ್ಚಿಮಕ್ಕೆ ಬೀಳುತ್ತದೆ. ಬಯಲಿನಲ್ಲಾದರೆ ಇನ್ನೂರು ಮೀಟರ್ ದೊಡ್ಡದಲ್ಲ. ಜಾಫ್ನಾದ ‘ಒಳುಂಗೈ’ಗಳಲ್ಲಿ, ಅಂದರೆ ಎರಡೂ ಬದಿ ಬೇಲಿ ಕಟ್ಟಿದ ಆ ಇಕ್ಕಟ್ಟು ಓಣಿಗಳಲ್ಲಿ, ಇನ್ನೂರು ಮೀಟರ್ ಎಂದರೆ ಬೇರೆಯದೇ ಬೀದಿ, ಬೇರೆಯವರ ಮನೆ ಅಂಗಳ. ಕಂದವಾಲದಿಂದ ಡಬ್ಲ್ಯುಜಿಎಸ್ 84ಕ್ಕೆ ಪರಿವರ್ತಿಸಲು ಎಕ್ಸ್, ವೈ, ಝಡ್ ಅಕ್ಷಗಳಿಗೆ ಬೇಕಾದ ಮೂರು ಅಂಕಿಗಳು ಕ್ರಮವಾಗಿ ಮೈನಸ್ 97, ಪ್ಲಸ್ 787, ಪ್ಲಸ್ 86 ಮೀಟರ್. ಕ್ಯೂಜಿಐಎಸ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಕಂದವಾಲ ಆರಿಸಿಕೊಂಡರೆ ಅದೇ ಲೆಕ್ಕ ಹಾಕುತ್ತದೆ. ಜೆರಾಕ್ಸ್ ಮಾತ್ರ ಇದ್ದರೆ ಅದನ್ನು ಈಗಿನ ನಕ್ಷೆಯ ಮೇಲೆ ಕೂರಿಸಲು ಎರಡರಲ್ಲೂ ಕಾಣುವ ಕಡಿಮೆಯೆಂದರೆ ಆರು ಗುರುತು ಬೇಕು, ಅವೂ ಶೀಟಿನ ನಾಲ್ಕೂ ಮೂಲೆಗೆ ಹರಡಿರಬೇಕು. ಒಂದೇ ಕಡೆ ಗುಂಪಾಗಿದ್ದರೆ ಇನ್ನೊಂದು ತುದಿ ಎಳೆದುಕೊಂಡು ಹೋಗುತ್ತದೆ. ಜೆರಾಕ್ಸ್ ಯಂತ್ರ ಕಾಗದವನ್ನು ಉದ್ದಕ್ಕೊಂದು, ಅಗಲಕ್ಕೊಂದು ಪ್ರಮಾಣದಲ್ಲಿ ಹಿಗ್ಗಿಸಿರುತ್ತದೆ, ಅದು ಬೇರೆ. ಇನ್ನೊಂದು ಮಾತು: ಆರಂಕಿಯ ಗ್ರಿಡ್ ರೆಫರೆನ್ಸ್ ಹೇಳುವುದು ಒಂದು ಚೌಕವನ್ನು, ಬಿಂದುವನ್ನಲ್ಲ. ‘ಇಲ್ಲೇ, ಈ ಕಲ್ಲಿನ ಮೇಲೇ’ ಎಂದು ಅದರಿಂದ ಯಾರಿಗೂ ಹೇಳಬಾರದು. ಮನೆಯವರು ಜೊತೆಗಿದ್ದಾಗಂತೂ ಹೇಳಲೇಬಾರದು.

ಗುರುತು ಯಾವುದು ನಂಬಬೇಕು ಎನ್ನುವುದನ್ನು ಕಲಿಸಿದವರು ಕೋಕುವಿಲ್ ಕಡೆಯ ನಿವೃತ್ತ ಶಾಲಾ ಶಿಕ್ಷಕರು. ಅವರೇ ನಮಗೆ ತಮಿಳು ದುಭಾಷಿಯೂ ಆದರು. ತಾಳೆಗರಿಯ ಬೇಲಿಗಳು ಹೋಗಿ ತಗಡು, ಸಿಮೆಂಟ್ ಗೋಡೆ ಬಂದಿವೆ. ರಸ್ತೆ ಅಗಲವಾಗಿದೆ, ಮನೆಗಳು ಬಿದ್ದು ಮತ್ತೆ ಎದ್ದಿವೆ, ಎಷ್ಟೋ ಮನೆಯವರು ಕೆನಡಾದಲ್ಲಿದ್ದಾರೆ. ಜಾಗ ಬಿಡದೆ ನಿಂತಿರುವುದು ಕೋವಿಲು, ಬಾವಿ, ರೈಲು ಹಾದಿ. ಸುಣ್ಣಕಲ್ಲಿನ ನೆಲದಲ್ಲಿ ತೋಡಿದ ಬಾವಿಯನ್ನು ಯಾರೂ ಸುಮ್ಮನೆ ಮುಚ್ಚುವುದಿಲ್ಲ. ಯುದ್ಧದಲ್ಲಿ ಕಿತ್ತುಹೋಗಿದ್ದ ರೈಲು ಹಾದಿಯನ್ನು ನಮ್ಮ ಇರ್ಕಾನ್ ಕಂಪನಿ ಮತ್ತೆ ಹಾಕಿತು, ಹಳೇ ಜಾಡಿನ ಮೇಲೇ. 2014ರ ಅಕ್ಟೋಬರ್‌ನಲ್ಲಿ ರೈಲು ಜಾಫ್ನಾಕ್ಕೆ, 2015ರ ಜನವರಿಯಲ್ಲಿ ಕಾಂಕೇಸಂತುರೈಗೆ ಬಂತು. ಹಾಗಾಗಿ ಲೆವೆಲ್ ಕ್ರಾಸಿಂಗ್‌ನಿಂದ ಹೆಜ್ಜೆ ಎಣಿಸಿದ ಡೈರಿ ಟಿಪ್ಪಣಿಗಳು ಚೆನ್ನಾಗಿ ತಾಳೆಯಾದವು. ಮಾವಿನಮರ, ಅಂಗಡಿ, ಗೇಟಿನ ಬಣ್ಣ ನೆಚ್ಚಿ ಬರೆದಿದ್ದವು ಒಂದೂ ಆಗಲಿಲ್ಲ.

ಆ ಮೇಷ್ಟ್ರೇ ಹೇಳಿಕೊಟ್ಟ ಇನ್ನೊಂದು ನಿಯಮ: ಯಾರ ಮನೆ ಬಾಗಿಲಿಗೂ ಹತ್ತು ಜನ ಒಟ್ಟಿಗೆ ಹೋಗಬಾರದು. ಮೊದಲು ಅವರು ಒಬ್ಬರೇ ಹೋಗಿ ‘ಇಂದಿಯ ಆಮಿಯಲ್ಲಿ (ಭಾರತದ ಸೇನೆಯಲ್ಲಿ) ಇದ್ದವರು ಬಂದಿದ್ದಾರೆ, ಮಾತಾಡುತ್ತೀರಾ’ ಎಂದು ಕೇಳುವುದು. ಒಲ್ಲೆ ಅಂದರೆ ಕೈಮುಗಿದು ಮುಂದೆ ಹೋಗುವುದು. ‘ನಮ್ಮ ನೆನಪಿದೆಯಾ’ ಎಂಬ ಪ್ರಶ್ನೆಯನ್ನು ಪೂರ್ತಿ ಬಿಟ್ಟುಬಿಡುವುದು. ಯಾಕೆಂದರೆ ಆ ಊರಿಗೆ ಬೇರೆ ನೆನಪೂ ಇದೆ. 1987ರ ಅಕ್ಟೋಬರ್ 21, ದೀಪಾವಳಿಯ ದಿನ, ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಕಡೆಯ ಗುಂಡಿಗೆ ವೈದ್ಯರು, ದಾದಿಯರು, ರೋಗಿಗಳು ಸತ್ತರು. ಅಲ್ಲಿನ ಸಿಬ್ಬಂದಿ ಅವರನ್ನು ಇಂದಿಗೂ ನೆನೆಯುತ್ತಾರೆ. ನಮ್ಮವರಿಗೆ ಹೂವಿಡಲು ಹೋದವರು ಇದನ್ನು ತಿಳಿಯದವರಂತೆ ನಡೆದುಕೊಳ್ಳುವುದು ಸರಿಯಲ್ಲ. ಇಷ್ಟಾದರೂ ಮೂರು ಮನೆಗಳಲ್ಲಿ ಒಳಗೆ ಕರೆದು ಕೂರಿಸಿದರು, ಚಹಾ ಕೊಟ್ಟರು, ಬಾವಿ ತೋರಿಸಿದರು. ಆ ತಾಯಂದಿರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರಿಗೆ ನಮ್ಮ ನಮಸ್ಕಾರ.

ಪಲಾಲಿಯಲ್ಲಿ ನಮ್ಮ ಸೈನಿಕರ ಸ್ಮಾರಕ ಶ್ರೀಲಂಕಾ ಸೇನಾ ನೆಲೆಯ ಒಳಗಿದೆ. ಟಿಕೆಟ್ ತೆಗೆದು ನೋಡುವ ಜಾಗ ಅದಲ್ಲ. ಅನುಮತಿಯ ದಾರಿ ತೋರಿಸಿದ ನಮ್ಮ ದೇಶದ ಅಧಿಕಾರಿಗಳಿಗೂ, ಒಳಗೆ ಮರ್ಯಾದೆಯಿಂದ ಕರೆದೊಯ್ದ ಶ್ರೀಲಂಕಾ ಸೈನಿಕರಿಗೂ ಕೃತಜ್ಞರು. ಜಾಫ್ನಾದಲ್ಲಿ ಭಾರತದ ಕಾನ್ಸುಲೇಟ್ ಜನರಲ್ ಕಚೇರಿ ಇದೆ, ಕೊಲಂಬೊ ಹೈಕಮಿಷನ್‌ನಲ್ಲಿ ರಕ್ಷಣಾ ಸಲಹೆಗಾರರು ಇದ್ದಾರೆ. ಅರ್ಜಿಯನ್ನು ಎರಡೂ ಕಡೆಗೆ ಎಂಟು ವಾರ ಮೊದಲೇ ಕಳಿಸಿ. ಅದರ ಜೊತೆ ಎಲ್ಲರ ಪಾಸ್‌ಪೋರ್ಟ್ ಪ್ರತಿ, ನಿವೃತ್ತಿಯ ಸಮಯದ ಹುದ್ದೆ ಮತ್ತು ಪಲ್ಟನ್, ಮಡಿದವರಿಗೂ ಮನೆಯವರಿಗೂ ಇರುವ ಸಂಬಂಧ, ವ್ಯಾನಿನ ನಂಬರ್, ಡ್ರೈವರ್‌ನ ಗುರುತಿನ ಚೀಟಿ ಸಂಖ್ಯೆ ಇರಲಿ. ಕೆಡುವುದು ಕೊನೆಯ ಎರಡರಲ್ಲೇ. ಬಾಡಿಗೆ ಗಾಡಿಯವರು ಹಿಂದಿನ ರಾತ್ರಿ ಸಲೀಸಾಗಿ ಗಾಡಿ ಬದಲಾಯಿಸುತ್ತಾರೆ, ಗೇಟಿನಲ್ಲಿ ಪಟ್ಟಿಯ ನಂಬರಿಗೂ ಎದುರಿನ ನಂಬರಿಗೂ ಹೊಂದುವುದಿಲ್ಲ, ಪಹರೆಯವನಿಗೆ ಬೇರೆ ದಾರಿ ಇರುವುದಿಲ್ಲ. ಎರಡು ಗಾಡಿಗಳ ನಂಬರು ಮೊದಲೇ ಕೊಟ್ಟಿಡಿ. ಮಿಲಿಟರಿ ಬಣ್ಣದ ಟೋಪಿ, ಪ್ಯಾಂಟು, ಬ್ಯಾಗು ಮನೆಯಲ್ಲೇ ಇರಲಿ. ಪದಕಗಳನ್ನು ಕೋಟಿನ ಮೇಲೆ ಹಾಕಿಕೊಳ್ಳಬಹುದು, ಆದರೆ ಸ್ಮಾರಕದ ಮುಂದೆ ಮಾತ್ರ. ಬೀದಿಯಲ್ಲಿ ಬೇಡ. ವಸಾವಿಳಾನ್‌ನಿಂದ ಪಲಾಲಿಗೆ ಹೋಗುವ ರಸ್ತೆ ನಾವು ಬಂದ ಮೇಲೆ, ಏಪ್ರಿಲ್‌ನಲ್ಲಿ, ಸಾರ್ವಜನಿಕರಿಗೆ ತೆರೆಯಿತು. ಆಗ ತೆರೆದದ್ದು ಹಗಲು ಹೊತ್ತು ಮಾತ್ರ, ಅದೂ ಷರತ್ತುಗಳ ಮೇಲೆ. ಅಲ್ಲಿ ಗಾಡಿ ನಿಲ್ಲಿಸಿ ಫೋಟೊ ತೆಗೆಯುವ ಆಸೆ ಬಿಡಿ.

ಕಾಗದಪತ್ರದಲ್ಲಿ ನಮ್ಮ ಕಡೆಯವರಿಗೆ ಒಂದು ಖಾಸಾ ತೊಂದರೆ ಇದೆ: ಇನಿಷಿಯಲ್. ಸೈನ್ಯದ ದಾಖಲೆಯಲ್ಲಿ ಅಪ್ಪನ ಹೆಸರೂ ಊರಿನ ಹೆಸರೂ ಅಕ್ಷರವಾಗಿ ಹೆಸರಿನ ಮುಂದೆ, ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿಕೊಂಡು ಹಿಂದೆ, ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಶ್ರೀಲಂಕಾದ ಇಟಿಎ (ಆನ್‌ಲೈನ್ ಪ್ರವೇಶ ಅನುಮತಿ) ಅರ್ಜಿಯಲ್ಲಿ, ವಿಮಾನದ ಟಿಕೆಟ್ಟಿನಲ್ಲಿ, ಸೇನೆಗೆ ಕೊಡುವ ಪಟ್ಟಿಯಲ್ಲಿ, ಮೂರರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ಬರಲಿ. ಇಟಿಎ ಶುಲ್ಕದ ನಿಯಮ ಆಗಾಗ ಬದಲಾಗುತ್ತದೆ. ಅಧಿಕೃತ ಸರ್ಕಾರಿ ತಾಣದಲ್ಲೇ ಅರ್ಜಿ ಹಾಕಿ, ಅದನ್ನೇ ಹೋಲುವ ದಲ್ಲಾಳಿ ತಾಣಗಳು ಬೇಕಾದಷ್ಟಿವೆ. ಇದನ್ನೆಲ್ಲ ರಾತ್ರಿ ಹನ್ನೊಂದರವರೆಗೆ ಕೂತು ಅಕ್ಷರ ಅಕ್ಷರ ಹೋಲಿಸಿ ನೋಡಿದ ನಮ್ಮ ತಂಡದ ಸೊಸೆಯಂದಿರು, ಮೊಮ್ಮಕ್ಕಳಿಗೆ ಎಷ್ಟು ಹೇಳಿದರೂ ಕಡಿಮೆ.

ಕಣ್ಣಿವೆಡಿ ತೆಗೆಯುವವರ ಹೆಸರು ಹೇಳದೆ ಈ ಬರಹ ಮುಂದೆ ಹೋಗದು. ನೆಲಬಾಂಬಿಗೆ ಅಲ್ಲಿನ ತಮಿಳು ಮಾತು ಅದು. ಮುಹಮಾಲೈ ಸುತ್ತಿನ ಬಯಲುಗಳಲ್ಲಿ ವರ್ಷಾನುಗಟ್ಟಲೆ ಮೊಣಕಾಲೂರಿ ಅಂಗುಲ ಅಂಗುಲ ನೆಲ ಕೆದಕಿದವರಲ್ಲಿ ಊರಿನ ಹೆಂಗಸರೇ ಬಹಳ. ಹ್ಯಾಲೋ ಟ್ರಸ್ಟ್ 2002ರಿಂದ ಶ್ರೀಲಂಕಾದಲ್ಲಿ ಈ ಕೆಲಸ ಮಾಡುತ್ತಿದೆ. ಆ ನೆಲದಲ್ಲಿ ಹೂತಿದ್ದೆಲ್ಲ ನಮ್ಮ ಕಾಲದ್ದಲ್ಲ. 1990ರಲ್ಲಿ ನಮ್ಮ ಪಡೆ ವಾಪಸು ಬಂದ ಮೇಲೆ ಇನ್ನೂ ಹತ್ತೊಂಬತ್ತು ವರ್ಷ ಅಲ್ಲಿ ಯುದ್ಧ ನಡೆಯಿತು. ಹಾಗಾಗಿ ‘ಈ ಜಾಗ ನನಗೆ ಗೊತ್ತು’ ಎಂಬ ಧೈರ್ಯ ಇಲ್ಲಿ ಅಪಾಯದ್ದು. ಕೆಂಪು ಫಲಕ ಇದ್ದರೆ ಅಪಾಯ ಗೊತ್ತಾಗುತ್ತದೆ, ಆದರೆ ಫಲಕ ಇಲ್ಲ ಎಂದರೆ ನೆಲ ಶುದ್ಧ ಎಂದಲ್ಲ. ಡಾಂಬರು, ಗಾಡಿ ಚಕ್ರದ ಜಾಡು, ಈಗ ಉಳುಮೆ ನಡೆಯುತ್ತಿರುವ ಹೊಲ, ಇಷ್ಟು ಬಿಟ್ಟು ತಾಳೆತೋಪಿನೊಳಗೆ ಕಾಲಿಡಬೇಡಿ. ಮೂತ್ರಕ್ಕೆ ಪೊದೆಯ ಮರೆ ಹುಡುಕಿಕೊಂಡು ಹೋಗುವ ನಮ್ಮ ಅಭ್ಯಾಸವನ್ನು ಜಾಫ್ನಾಕ್ಕೆ ಹೋಗುವ ಎ9 ಹೆದ್ದಾರಿಯಲ್ಲಿ ಮರೆತುಬಿಡಿ. ತುಕ್ಕು ಹಿಡಿದ ಯಾವ ತುಂಡನ್ನೂ ನೆನಪಿಗೆಂದು ಎತ್ತಿಕೊಳ್ಳಬೇಡಿ.

ಮಡಿದ ನಮ್ಮವರ ಹೆಸರು ಕೆತ್ತಿದ ಕೊಲಂಬೊದ ದೊಡ್ಡ ಸ್ಮಾರಕ ‘ಶ್ರೀ ಜಯವರ್ಧನಪುರ ಕೋಟೆ’ ಎಂಬ ಊರಿನಲ್ಲಿದೆ. ನಾವು ಬಂದ ಎರಡು ವಾರದೊಳಗೆ ಭಾರತದ ಪ್ರಧಾನಿಯವರೂ ಅಲ್ಲಿ ಹೂಗುಚ್ಛ ಇಟ್ಟರು. ಮನೆಯವರಿಗೆ ಇಡೀ ಪ್ರಯಾಣದಲ್ಲಿ ಬೇಕಾಗಿದ್ದುದು ಈ ಜಾಗ. ಕಾರ್ಗಿಲ್‌ಗಿಂತ ಮುಂಚೆ ಎಷ್ಟೋ ಮನೆಗಳಿಗೆ ದೇಹ ಬರಲಿಲ್ಲ, ತಂತಿ ಬಂತು. ಕೈಯಿಂದ ಮುಟ್ಟಿ ನೋಡಲು ಅವರಿಗೆ ಇರುವುದು ಕಲ್ಲಿನ ಮೇಲಿನ ಆ ಒಂದು ಸಾಲು.

ಆ ಸಾಲನ್ನು ಮನೆಗೆ ತರುವ ವಿದ್ಯೆ ಕಲಿಸಿದವರು ಶಾಸನಗಳ ಪಡಿಯಚ್ಚು ತೆಗೆದು ಕೈ ಪಳಗಿದ ಮೈಸೂರಿನ ಹಿರಿಯರು. ಶಾಸನಕ್ಕೆ ಮಾಡುವಂತೆ ಒದ್ದೆ ಕಾಗದ, ಮಸಿ, ಕುಂಚದ ಬಡಿತ ಇಲ್ಲಿ ಕೂಡದು, ಕಲ್ಲು ಕಲೆಯಾಗುತ್ತದೆ. ಒಣ ಪದ್ಧತಿಯೇ ಸರಿ. ಮೊದಲು ಉಸ್ತುವಾರಿಯವರ ಒಪ್ಪಿಗೆ ಕೇಳಿ. ಕಲ್ಲಿನ ಧೂಳನ್ನು ಒಣ ಹತ್ತಿಬಟ್ಟೆಯಿಂದ ಒರೆಸಿ, ಏಕೆಂದರೆ ಒಂದು ಮರಳ ಕಣ ಉಳಿದರೂ ಕಾಗದ ಅಲ್ಲೇ ಹರಿಯುತ್ತದೆ. 60 ಜಿಎಸ್‌ಎಂ ತೆಳು ಬಿಳಿ ಕಾಗದವನ್ನು ಹೆಸರಿನ ಮೇಲೆ ಇಟ್ಟು ನಾಲ್ಕೂ ಬದಿ ಮಾಸ್ಕಿಂಗ್ ಟೇಪ್ ಹಚ್ಚಿ. ಸೆಲ್ಲೋಟೇಪ್ ಬೇಡ, ಬಿಸಿಲಿಗೆ ಅದರ ಅಂಟು ಕಲ್ಲಿಗೇ ಉಳಿಯುತ್ತದೆ. ಕಾಗದ ಸುಲಿದ ದಪ್ಪ ಮೇಣದ ಬಣ್ಣದ ಕಡ್ಡಿಯನ್ನು ಅಡ್ಡ ಮಲಗಿಸಿ, ಹಗುರವಾಗಿ, ಒಂದೇ ದಿಕ್ಕಿಗೆ ಉಜ್ಜಿ. ಕೆತ್ತಿದ ಅಕ್ಷರ ಬೆಳ್ಳಗೆ ಉಳಿದು ಸುತ್ತಲಿನದು ಕಪ್ಪಾಗುತ್ತದೆ. ಕೆತ್ತನೆಗೆ ಬಣ್ಣ ತುಂಬಿದ್ದರೆ ಅಚ್ಚು ಮಸುಕಾಗುತ್ತದೆ. ಆಗ ಒತ್ತಿ ಉಜ್ಜುವುದಕ್ಕಿಂತ ಎರಡನೇ ಸಲ ಹಗುರವಾಗಿ ಹೋಗುವುದು ಮೇಲು. ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಕಲ್ಲು ಕಾದ ಮೇಲೆ ಮೇಣ ಕರಗಿ ಬಳಿದುಕೊಳ್ಳುತ್ತದೆ. ಆಮೇಲೆ ಮಡಿಸದೆ ಸುರುಳಿ ಸುತ್ತಿ ರಟ್ಟಿನ ಕೊಳವೆಯಲ್ಲಿ ಇಡಿ.

ಹೆಸರು ಹುಡುಕುವುದೇ ಅರ್ಧ ಕೆಲಸ. ಶಿವಪ್ಪ ಎಂಬ ಹೆಸರು ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ಬರೆದಿರುತ್ತದೆ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಜಾಲತಾಣದಲ್ಲಿ ಹೆಸರು ಹುಡುಕುವ ಸೌಲಭ್ಯ ಇದೆ. ಅಲ್ಲಿನ ಕಾಗುಣಿತ, ಸೈನಿಕ ಸಂಖ್ಯೆ, ಪಲ್ಟನ್ ಮೂರನ್ನೂ ಬರೆದುಕೊಂಡು ಹೋದರೆ ಬಿಸಿಲಲ್ಲಿ ನಿಂತು ಗೋಡೆಯನ್ನೆಲ್ಲ ಓದಬೇಕಿಲ್ಲ. ಇಬ್ಬರು ಹುಡುಗರು ಮುಂಚಿನ ದಿನವೇ ಹೋಗಿ ನಮ್ಮ ಪಟ್ಟಿಯ ಹೆಸರುಗಳ ಜಾಗ ಗುರುತು ಮಾಡಿಕೊಂಡು ಬಂದರು. ಅವರಿಂದಾಗಿ ವಯಸ್ಸಾದ ತಾಯಂದಿರು ನೇರ ಹೆಸರಿನ ಮುಂದೆ ಹೋಗಿ ನಿಂತರು.

ಹೂಗುಚ್ಛದ ರಿಬ್ಬನ್ ಮೇಲೆ ಕನ್ನಡ ಬೇಕಿದ್ದರೆ ಬೆಂಗಳೂರಿನಲ್ಲೇ ಸ್ಕ್ರೀನ್ ಪ್ರಿಂಟ್ ಮಾಡಿಸಿ. ಇಂಕ್‌ಜೆಟ್ ಅಕ್ಷರ ಒದ್ದೆ ಹೂವಿಗೆ ತಗುಲಿ ಇಳಿದುಹೋಗುತ್ತದೆ. ಚಿಕ್ಕಪೇಟೆಯಲ್ಲಿ ಪುಕ್ಕಟೆ ಮಾಡಿಕೊಟ್ಟ ಅಂಗಡಿಯವರಿಗೆ ಧನ್ಯವಾದ. ಅಲ್ಲಿನ ಒಂದು ಹಿಡಿ ಮಣ್ಣು ತರಬೇಕೆಂದು ಎಲ್ಲರಿಗೂ ಅನಿಸುತ್ತದೆ, ಆದರೆ ಪರವಾನಗಿ ಇಲ್ಲದೆ ಹೊರದೇಶದ ಮಣ್ಣು ಭಾರತಕ್ಕೆ ತರುವಂತಿಲ್ಲ. ತೆಂಗಿನಕಾಯಿ ಒಡೆಯುವುದಿದ್ದರೆ ಊರಿನಿಂದ ಒಯ್ಯುವುದು ಬೇಡ, ಅಲ್ಲಿನದೇ ಕೊಂಡು ಒಡೆಯಿರಿ.

ಇನ್ನು ಸಣ್ಣಪುಟ್ಟದ್ದು. ಚೆನ್ನೈನಿಂದ ಜಾಫ್ನಾಕ್ಕೆ ಎಪ್ಪತ್ತು ಚಿಲ್ಲರೆ ಸೀಟಿನ ಎಟಿಆರ್ ವಿಮಾನ, ಮೆಟ್ಟಿಲು ಕಡಿದು. ಮಂಡಿ ನೋವಿನವರಿಗೆ ಮುಂಚೆಯೇ ಹೇಳಿ ಸಹಾಯ ಕೇಳಿ. ನಾಗಪಟ್ಟಿಣಂ–ಕಾಂಕೇಸಂತುರೈ ದೋಣಿ ಸುಮಾರು ನಾಲ್ಕು ಗಂಟೆಯ ಹಾದಿ. ಸಮುದ್ರ ಕೆಟ್ಟರೆ ನಿಂತುಬಿಡುತ್ತದೆ, ದಿನಾಂಕ ಗಟ್ಟಿ ಇರುವವರು ಅದನ್ನು ನೆಚ್ಚಬಾರದು. ನಮ್ಮ ಒಂದು ರೂಪಾಯಿಗೆ ಅಲ್ಲಿನದು ಸುಮಾರು ಮೂರೂವರೆ ಸಿಗುತ್ತಿತ್ತು. ಯುಪಿಐ ಕೆಲವು ಅಂಗಡಿಗಳಲ್ಲಿ ನಡೆಯುತ್ತದೆ, ಒಳುಂಗೈಯ ಚಹಾ ಅಂಗಡಿಗೆ ಚಿಲ್ಲರೆಯೇ ಬೇಕು. ಪ್ಲಗ್ಗು ಚೌಕ ಕಾಲಿನದು, ಅಡಾಪ್ಟರ್ ಒಯ್ಯಿರಿ. ರಾತ್ರಿ ಉಸಿರಾಟದ ಯಂತ್ರ ಹಾಕಿಕೊಳ್ಳುವವರು ಎರಡು ಒಯ್ಯಿರಿ. ಬಿಪಿ, ಸಕ್ಕರೆ ಮಾತ್ರೆ ಚೀಟಿ ಸಮೇತ ಕೈಚೀಲದಲ್ಲೇ ಇರಲಿ. ನಲ್ಲೂರು ಕಂದಸ್ವಾಮಿ ಕೋವಿಲಿನಲ್ಲಿ ಗಂಡಸರು ಅಂಗಿ ತೆಗೆಯಬೇಕು, ಪೇಸ್‌ಮೇಕರ್ ಗುರುತು ಕಾಣುತ್ತದೆಂದು ಸಂಕೋಚ ಪಡಬೇಡಿ, ಯಾರೂ ನೋಡುವುದಿಲ್ಲ.

ಆರು ದಿನ ನಮ್ಮನ್ನು ‘ಅಯ್ಯಾ, ಮೆಲ್ಲ’ ಎನ್ನುತ್ತ ಇಳಿಸಿ ಹತ್ತಿಸಿದ ಜಾಫ್ನಾದ ಡ್ರೈವರ್ ತಮ್ಮನಿಗೆ ಬಾಡಿಗೆ ಸಂದಾಯವಾಗಿದೆ, ಋಣ ಆಗಿಲ್ಲ.

ಬರಲಾಗದ ಮನೆಗಳ ಪರವಾಗಿ ತೆಗೆದ ಪಡಿಯಚ್ಚುಗಳಲ್ಲಿ ನಾಲ್ಕು ಇನ್ನೂ ನಮ್ಮ ಬಳಿ ಇವೆ. ಕೊಟ್ಟಿದ್ದ ವಿಳಾಸಗಳಲ್ಲಿ ಈಗ ಆ ಮನೆಯವರು ಇಲ್ಲ. 1987ರಿಂದ 90ರ ನಡುವೆ ಶ್ರೀಲಂಕಾದಿಂದ ತಂತಿ ಬಂದ ಮನೆ ನಿಮ್ಮ ಊರಿನಲ್ಲಿದ್ದರೆ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಒಂದು ಮಾತು ತಿಳಿಸಿ. ಕೊಳವೆಯ ಸಮೇತ ನಾವೇ ತಂದುಕೊಡುತ್ತೇವೆ.