ಎಂಟರ್ ಒತ್ತಿದರೆ ಅರ್ಜಿ ಸಲ್ಲಿಕೆಯೇ?

ಮಾನ್ಯರೇ,

ನೇಮಕಾತಿ ಅರ್ಜಿಗಳ ಕಾಲ ಬಂದಾಗಲೆಲ್ಲ ‘ಸರ್ವರ್ ಡೌನ್’ ಎಂಬ ದೂರು ಕೇಳಿಬರುತ್ತದೆ. ನನ್ನ ದೂರು ಅದಲ್ಲ. ಸರ್ವರ್ ಚೆನ್ನಾಗಿ ನಡೆಯುತ್ತಿರುವಾಗಲೇ ಅರ್ಜಿಗಳು ಕೆಡುವುದನ್ನು ಗಂಗಾವತಿಯ ನನ್ನ ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತು ನೋಡುತ್ತಿದ್ದೇನೆ. ಒಂದೇ ಫಾರ್ಮಿನಲ್ಲಿ ‘ಹಿಂದಕ್ಕೆ’, ‘ಉಳಿಸಿ’, ‘ಅಂತಿಮ ಸಲ್ಲಿಕೆ’ ಎಂದು ಬಟನ್‌ಗಳನ್ನು ಸಾಲಾಗಿ ಇಟ್ಟವರು, ಯಾವುದನ್ನೂ ಒತ್ತದಿದ್ದರೆ ಏನಾಗಬೇಕು ಎಂಬುದನ್ನು ಯೋಚಿಸಿಯೇ ಇರುವುದಿಲ್ಲ.

ಈಚೆಗೆ ಯಲಬುರ್ಗಾ ಕಡೆಯ ಹುಡುಗಿಯೊಬ್ಬಳು ಅರ್ಜಿ ತುಂಬಲು ಬಂದಿದ್ದಳು. 371(ಜೆ) ಪ್ರಮಾಣಪತ್ರದ ಸಂಖ್ಯೆಯನ್ನು ಟೈಪ್ ಮಾಡಿ, ಮುಂದಿನ ಖಾನೆಗೆ ಹೋಗಬಹುದೆಂದು ಎಂಟರ್ ಒತ್ತಿದಳು. ಅರ್ಜಿ ಸಲ್ಲಿಕೆಯಾಗಿದೆ ಎಂಬ ಪುಟವೇ ಬಂದುಬಿಟ್ಟಿತು. ಸ್ಥಳೀಯ ವೃಂದದ ಹುದ್ದೆ ಬಯಸುವಿರಾ ಎಂದು ಕೇಳುವ ಕೆಳಗಿನ ಖಾನೆಯಲ್ಲಿ ಮೊದಲಿನಿಂದ ಇದ್ದ ‘ಇಲ್ಲ’ ಹಾಗೆಯೇ ಉಳಿದಿತ್ತು. “ಅಕ್ಕಾ, ನಾನು ಸಬ್‌ಮಿಟ್ ಒತ್ತಲೇ ಇಲ್ಲ” ಎಂದಳು. ನಿಜವೇ, ಪಕ್ಕದಲ್ಲೇ ಇದ್ದ ನಾನು ನೋಡಿದ್ದೇನೆ. ಸಹಾಯವಾಣಿಯಲ್ಲಿ ಸಿಕ್ಕ ಉತ್ತರ: “ಒಮ್ಮೆ ಸಲ್ಲಿಸಿದ ಮೇಲೆ ತಿದ್ದಲು ಬರುವುದಿಲ್ಲ.” ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನವೇ ಕೊಟ್ಟ ಅವಕಾಶ ಒಂದು ಎಂಟರ್‌ನಲ್ಲಿ ಕೈತಪ್ಪಿತು.

ಇದು ಮಾಯೆಯಲ್ಲ. ಅಕ್ಷರ ತುಂಬುವ ಒಂದು ಸಾಲಿನ ಖಾನೆಯಲ್ಲಿ ಎಂಟರ್ ಒತ್ತಿದರೆ, ಆ ಫಾರ್ಮಿನ ಕೋಡ್‌ನಲ್ಲಿ ಎಲ್ಲಕ್ಕಿಂತ ಮೊದಲು ಬರುವ ಸಬ್‌ಮಿಟ್ ಬಟನ್ (ಫಾರ್ಮನ್ನು ಸರ್ವರ್‌ಗೆ ಕಳಿಸುವ ಬಟನ್) ಒತ್ತಿದಂತೆ ಬ್ರೌಸರ್ ನಡೆದುಕೊಳ್ಳುತ್ತದೆ. ಜಾಲಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ಮಾನದಂಡದಲ್ಲಿರುವ ವಿಷಯವಿದು. ಕಣ್ಣಿಗೆ ಮೊದಲು ಕಾಣುವ ಬಟನ್ ಬೇರೆ, ಕೋಡ್‌ನಲ್ಲಿ ಮೊದಲು ಬರುವುದು ಬೇರೆ. ಅಲಂಕಾರದ ಸೂತ್ರಗಳಿಂದ ‘ಅಂತಿಮ ಸಲ್ಲಿಕೆ’ಯನ್ನು ಪರದೆಯ ಬಲತುದಿಗೆ ತಳ್ಳಿದರೂ ಕೋಡ್‌ನಲ್ಲಿ ಅದು ಮೊದಲೇ ಇದ್ದರೆ ಎಂಟರ್ ತಾಗುವುದು ಅದಕ್ಕೇ. ಮೊಬೈಲ್ ಕೀಬೋರ್ಡಿನ ‘ಗೋ’ ಒತ್ತಿದವರ ಗತಿಯೂ ಇದೇ.

‘ಇನ್ನೊಂದು ವಿದ್ಯಾರ್ಹತೆ ಸೇರಿಸಿ’ ಎಂಬಂಥ ಬಟನ್‌ಗಳದು ಇನ್ನೊಂದು ಕಥೆ. ಬಟನ್‌ನ ‘ಟೈಪ್’ ಏನೆಂದು ಬರೆಯದೆ ಬಿಟ್ಟರೆ ಫಾರ್ಮಿನೊಳಗೆ ಅದು ಸಬ್‌ಮಿಟ್ ಬಟನ್ ಆಗಿಯೇ ಕೆಲಸ ಮಾಡುತ್ತದೆ. ಡಿಪ್ಲೊಮಾ ಓದುವಾಗ ನಮಗೆ ಮೊದಲ ವಾರದಲ್ಲೇ ಹೇಳಿಕೊಟ್ಟ ಪಾಠವಿದು. ಲಕ್ಷಗಟ್ಟಲೆ ಜನ ಬಳಸುವ ಜಾಲತಾಣ ಕಟ್ಟುವವರಿಗೆ ಯಾರೂ ಹೇಳಿಲ್ಲವೇ?

ಎರಡು ಸಲ ಒತ್ತಬಾರದೆಂದು, ಒತ್ತಿದೊಡನೆ ಬಟನ್ ನಿಷ್ಕ್ರಿಯವಾಗುವಂತೆ ಸ್ಕ್ರಿಪ್ಟ್ ಬರೆಯುವವರೂ ಇದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಫಾರ್ಮ್ ಹೊರಡುವ ಮೊದಲೇ ಬಟನ್ ನಿಷ್ಕ್ರಿಯವಾದರೆ ಅದರ ಹೆಸರು ಸರ್ವರ್‌ಗೆ ಹೋಗುವುದಿಲ್ಲ, ನಿಷ್ಕ್ರಿಯವಾದ ಯಾವುದನ್ನೂ ಬ್ರೌಸರ್ ಕಳಿಸುವುದಿಲ್ಲ. ಆಗ ಸರ್ವರ್‌ನಲ್ಲಿರುವ ಪ್ರೋಗ್ರಾಂ ‘ಉಳಿಸಿ ಎಂದು ಬಂದಿಲ್ಲ, ಹಾಗಾದರೆ ಅಂತಿಮ ಸಲ್ಲಿಕೆಯೇ ಇರಬೇಕು’ ಎಂದು ಊಹಿಸಿದರೆ ಅಭ್ಯರ್ಥಿಯ ಕಥೆ ಮುಗಿಯಿತು. ಊಹೆ ತಿರುವುಮುರುವಾಗಬೇಕು. ‘ಅಂತಿಮ ಸಲ್ಲಿಕೆ’ ಎಂಬ ಹೆಸರು ಸ್ಪಷ್ಟವಾಗಿ ಬಂದರೆ ಮಾತ್ರ ಸಲ್ಲಿಕೆ, ಏನೂ ಬಾರದಿದ್ದರೆ ಕರಡು. ಕರಡಾಗಿ ಉಳಿದದ್ದನ್ನು ನಾಳೆ ಸಲ್ಲಿಸಬಹುದು, ಸಲ್ಲಿಕೆಯಾದದ್ದನ್ನು ಕರಡು ಮಾಡಲು ಯಾರನ್ನು ಕೇಳುವುದು?

ಕರಡು ಉಳಿಸುವುದಾದರೂ ಸಲೀಸೇ? ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಕಾಯುತ್ತಿರುವ ಕಾರಟಗಿಯ ಹುಡುಗ ಉಳಿದದ್ದನ್ನು ತುಂಬಿ ‘ಉಳಿಸಿ’ ಒತ್ತಿದರೆ, ಪ್ರಮಾಣಪತ್ರದ ಸಂಖ್ಯೆ ಕಡ್ಡಾಯ ಎಂದು ಕೆಂಪಕ್ಷರ ಬರುತ್ತದೆ. ಜನ ಸೊನ್ನೆಗಳನ್ನು ತುಂಬಿ ಉಳಿಸುತ್ತಾರೆ, ಆಮೇಲೆ ತಿದ್ದಲು ಮರೆಯುತ್ತಾರೆ, ಪರಿಶೀಲನೆಯಲ್ಲಿ ಅರ್ಜಿ ಬಿದ್ದುಹೋಗುತ್ತದೆ. ಕಡ್ಡಾಯ ಖಾನೆಗಳ ತಪಾಸಣೆಯನ್ನು ಒಂದು ಬಟನ್‌ಗೆ ಮಾತ್ರ ಕೈಬಿಡಲು 2014ರಲ್ಲಿ ಅಂತಿಮಗೊಂಡ ಎಚ್‌ಟಿಎಂಎಲ್5ರಲ್ಲೇ ‘ಫಾರ್ಮ್‌ನೋವ್ಯಾಲಿಡೇಟ್’ ಎಂಬ ಸೌಲಭ್ಯವಿದೆ. ಒಂದು ಪದ ಬರೆದರೆ ಮುಗಿಯುವ ಕೆಲಸ. ಅಂದಹಾಗೆ, ತುಂಬಿದ್ದನ್ನೆಲ್ಲ ಅಳಿಸಿಹಾಕುವ ‘ರೀಸೆಟ್’ ಬಟನ್ ಯಾರಿಗೆ ಬೇಕಾಗಿದೆಯೋ ನನಗಂತೂ ತಿಳಿಯದು. ಅದನ್ನು ಬೇಕೆಂದು ಒತ್ತಿದವರನ್ನು ನಾನು ನೋಡಿಲ್ಲ.

ನಮ್ಮೂರಿನ ಅಕ್ಕಿ ಗಿರಣಿಗಳಲ್ಲಿ ಯಂತ್ರ ನಿಲ್ಲಿಸುವ ಗುಂಡಿಗೆ ಕೆಂಪು ಬಣ್ಣವಿರುತ್ತದೆ, ಕೈ ತಾಗಿ ಒತ್ತಿಹೋಗದಂತೆ ಬೇರೆಯಾಗಿಯೂ ಇರುತ್ತದೆ. ಅರ್ಜಿಯಲ್ಲಿ ಮಾತ್ರ ಎಲ್ಲ ಬಟನ್‌ಗಳೂ ಒಂದೇ ನೀಲಿ, ಒಂದೇ ಅಳತೆ, ನಡುವೆ ಬೆರಳು ತೂರುವಷ್ಟೂ ಜಾಗವಿಲ್ಲ.

‘ಅಂತಿಮ ಸಲ್ಲಿಕೆ’ ಬಟನ್ ಅರ್ಜಿಯ ಪುಟದಲ್ಲಿ ಇರಲೇಬಾರದು. ತುಂಬಿದ್ದೆಲ್ಲವನ್ನೂ ಓದಿ ನೋಡುವ ಬೇರೆ ಪುಟದಲ್ಲಿ ಅದೊಂದೇ ಇರಲಿ. ಜಾಲತಾಣವನ್ನು ಜನರಿಗೆ ಬಿಡುವ ಮೊದಲು ಒಬ್ಬರಿಗೆ ಮೌಸ್ ಕೊಡದೆ, ಇನ್ನೊಬ್ಬರಿಗೆ ಸಾಧಾರಣ ಮೊಬೈಲ್ ಕೊಟ್ಟು ಅರ್ಜಿ ತುಂಬಿಸಿ ನೋಡಲಿ. ಅಲ್ಲಿಯವರೆಗೆ, ಕೊನೆಯ ದಿನಾಂಕ ಮುಗಿಯುವ ತನಕ ಸಲ್ಲಿಸಿದ ಅರ್ಜಿಯನ್ನು ಅಭ್ಯರ್ಥಿಯೇ ತೆರೆದು ತಿದ್ದಲು ಸಂಬಂಧಪಟ್ಟ ಇಲಾಖೆಗಳು ಅವಕಾಶ ಕೊಡಬೇಕು.

– ಕಂಪ್ಯೂಟರ್ ಅಂಗಡಿ ನಡೆಸುವ ಓದುಗಿ, ಗಂಗಾವತಿ