ಪುಸ್ತಕದಾಚೆಯ ಸಾಕ್ಷಿಗಳು: ಯುವ ಲೇಖಕಿಗೊಂದು ಪತ್ರ

ಪ್ರಿಯ ತಂಗಿ,

ಜ್ಞಾನ ಮತ್ತು ಅಧಿಕಾರದ ಸಂಬಂಧವನ್ನು ಕುರಿತ ನಿನ್ನ ಹಸ್ತಪ್ರತಿಯನ್ನೂ, ಬರೆಯುವುದನ್ನೇ ಬಿಟ್ಟುಬಿಡಬೇಕೆನ್ನಿಸುತ್ತಿದೆ ಎಂಬ ಪತ್ರವನ್ನೂ ಓದಿದೆ. ಬಿಡಬೇಡ. ಅಧ್ಯಾಯಗಳ ಕ್ರಮ, ಅಡಿಟಿಪ್ಪಣಿ ಮುಂತಾದವನ್ನು ಯಾರು ಬೇಕಾದರೂ ತಿದ್ದಿಕೊಟ್ಟಾರು. ನನ್ನ ತಕರಾರು ಬೇರೆ: ಪುಟಪುಟಕ್ಕೂ ಫ್ರೆಂಚ್ ಚಿಂತಕ ಮಿಶೆಲ್ ಫುಕೋ ಹೆಸರು ಬರುತ್ತದೆಯೇ ಹೊರತು, ಯಾವ ಮನುಷ್ಯರ ಕಡತಗಳನ್ನು ಓದಿ ಆತ ಆ ವಿಚಾರಗಳಿಗೆ ತಲುಪಿದನೋ ಅವರಲ್ಲಿ ಒಬ್ಬರೂ ನಿನ್ನ ಬರಹದೊಳಗೆ ಕಾಲಿಟ್ಟಿಲ್ಲ.

ಪಿಯರ್ ರಿವಿಯೇರ್‌ನ ಪ್ರಕರಣವನ್ನು ನೋಡು. 1835ರ ಜೂನ್‌ನಲ್ಲಿ ಫ್ರಾನ್ಸಿನ ನಾರ್ಮಂಡಿಯ ಹಳ್ಳಿಯೊಂದರಲ್ಲಿ ಈ ರೈತ ಯುವಕ ತನ್ನ ತಾಯಿಯನ್ನೂ ತಂಗಿಯನ್ನೂ ತಮ್ಮನನ್ನೂ ಕೊಂದ. ಊರವರು ಅರೆಮರುಳನೆಂದು ತಿಳಿದಿದ್ದ ಆತ, ತಾಯಿಯಿಂದ ತಂದೆಗೆ ಒದಗಿದ ಕಷ್ಟಗಳಿಂದ ಹಿಡಿದು ಕೊಲೆಯವರೆಗಿನ ಎಲ್ಲವನ್ನೂ ಸೆರೆಮನೆಯಲ್ಲಿ ಕುಳಿತು ದೀರ್ಘವಾಗಿ ಬರೆದಿಟ್ಟ. ಇಷ್ಟು ಅಚ್ಚುಕಟ್ಟಾಗಿ ಬರೆಯಬಲ್ಲವನ ಬುದ್ಧಿ ನೆಟ್ಟಗಿರಲೇಬೇಕು ಎಂದು ಕೆಲವರು ವಾದಿಸಿದರೆ, ಅದೇ ಬರಹದಲ್ಲಿ ಇನ್ನು ಕೆಲವರಿಗೆ ಹುಚ್ಚಿನ ಪುರಾವೆ ಕಂಡಿತು. ನ್ಯಾಯಾಲಯ ಮರಣದಂಡನೆ ವಿಧಿಸಿತು. ಎಸ್ಕಿರೋಲ್ ಮೊದಲಾದ ಪ್ಯಾರಿಸ್ಸಿನ ವೈದ್ಯರು ಹುಚ್ಚನೆಂದು ಬರೆದುಕೊಟ್ಟ ಮೇಲೆ ಅದು ಜೀವಾವಧಿ ಶಿಕ್ಷೆಯಾಯಿತು. 1840ರಲ್ಲಿ ಆತ ಸೆರೆಮನೆಯಲ್ಲೇ ನೇಣು ಹಾಕಿಕೊಂಡ. ಮನೋವೈದ್ಯವು ನ್ಯಾಯಪೀಠದ ಪಕ್ಕದಲ್ಲಿ ತನಗೊಂದು ಜಾಗ ಹುಡುಕುತ್ತಿದ್ದ ಕಾಲವದು. ಒಬ್ಬನನ್ನು ಹುಚ್ಚನೆಂದು ತಿಳಿಯುವುದಕ್ಕೂ ಅವನ ಕೊರಳಿನ ಮೇಲೆ ಹಕ್ಕು ಪಡೆಯುವುದಕ್ಕೂ ನಡುವೆ ಅಂತರವೇ ಉಳಿದಿರಲಿಲ್ಲ. 1973ರಲ್ಲಿ ಫುಕೋ ಮತ್ತು ಸಂಗಡಿಗರು ಈ ಕಡತವನ್ನು ಪ್ರಕಟಿಸಿದಾಗ, ರಿವಿಯೇರ್‌ನ ಬರಹವನ್ನು ತಾವು ವ್ಯಾಖ್ಯಾನಿಸುವುದಿಲ್ಲವೆಂದು ನಿರ್ಧರಿಸಿದರು. ಆ ಸಂಯಮ ನಿನ್ನಲ್ಲಿ ಕಾಣಲಿಲ್ಲವೆಂಬುದೇ ನನ್ನ ಬೇಸರ.

ಈ ವಿಷಯದಲ್ಲಿ ನನಗೊಂದು ಹಳೆಯ ಸಿಟ್ಟೂ ಇದೆ. ಅಧಿಕಾರವನ್ನು ಕುರಿತ ವಿಚಾರ ಸಂಕಿರಣವೊಂದರಲ್ಲಿ ನಿವೃತ್ತ ಜೈಲು ವಾರ್ಡರ್ ಒಬ್ಬರು, ಕೈದಿಗಳ ನಡತೆಯ ರಿಜಿಸ್ಟರನ್ನು ತಾವು ಹೇಗೆ ತುಂಬುತ್ತಿದ್ದೆವೆಂದು ಹೇಳಲು ಎದ್ದು ನಿಂತರು. ‘ಮೊದಲು ಮೂಲಗ್ರಂಥ ಓದಿಕೊಂಡು ಬನ್ನಿ’ ಎಂದು ವೇದಿಕೆಯಿಂದ ಉತ್ತರ ಬಂತು, ಅವರು ಕುಳಿತುಬಿಟ್ಟರು. 1971ರಲ್ಲಿ ಇದೇ ಫುಕೋ ಗೆಳೆಯರೊಡನೆ ಸೆರೆಮನೆಗಳ ಮಾಹಿತಿ ಗುಂಪು ಕಟ್ಟಿ, ಕೈದಿಗಳ ಭೇಟಿಗೆ ಸಾಲಿನಲ್ಲಿ ನಿಂತ ಮನೆಯವರ ಕೈಗೆ ಪ್ರಶ್ನಾವಳಿ ಹಂಚಿದ್ದನ್ನು ಅಂದು ಯಾರೂ ನೆನೆಯಲಿಲ್ಲ.

ನಿನ್ನ ನಾಲ್ಕನೆಯ ಅಧ್ಯಾಯದ ಒಂದು ಪ್ಯಾರಾ ಮಾತ್ರ ನನ್ನನ್ನು ತಡೆದು ನಿಲ್ಲಿಸಿತು. ಗೇಣಿಗೆ ಉಳುತ್ತಿದ್ದ ನಿಮ್ಮ ತಾತನ ಹೆಸರು ಪಹಣಿಯ ಸಾಗುವಳಿದಾರರ ಕಾಲಮ್ಮಿನಲ್ಲಿ ಇಲ್ಲದ್ದರಿಂದ, ಉಳುವವನಿಗೇ ಭೂಮಿ ಎಂಬ ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಒಡೆತನ ಕೋರಿ ಏಳನೇ ನಮೂನೆಯಲ್ಲಿ ಹಾಕಿದ ಅರ್ಜಿ ಭೂನ್ಯಾಯಮಂಡಳಿಯ ಮುಂದೆ ನಿಲ್ಲಲಿಲ್ಲವೆಂದು ಬರೆದಿರುವೆ. ಊರಿಗೆಲ್ಲ ಗೊತ್ತಿದ್ದ ಸಂಗತಿ ಲೆಕ್ಕಕ್ಕೆ ಬರಲಿಲ್ಲ, ಗ್ರಾಮ ಲೆಕ್ಕಿಗರು ಬರೆದ ಸಾಲೇ ಸತ್ಯವಾಯಿತು. ಇಂಥದ್ದನ್ನು ಕೈಯಲ್ಲಿಟ್ಟುಕೊಂಡು ಮರುಸಾಲಿಗೇ ಪ್ಯಾರಿಸ್ಸಿಗೆ ಓಡಿದ್ದೇಕೆ? ತಾಲ್ಲೂಕು ಕಚೇರಿಯಿಂದ ಆ ವರ್ಷಗಳ ಪಹಣಿಯ ನಕಲು ತೆಗೆಸು, ಮಂಡಳಿಯ ಆದೇಶದ ಪ್ರತಿ ಹುಡುಕು, ಅಕ್ಕಪಕ್ಕದ ಹೊಲದವರು ಹೇಳುವುದನ್ನು ಅವರ ಮಾತಿನಲ್ಲೇ ಬರೆದುಕೋ. ಆ ಅಧ್ಯಾಯವನ್ನೇ ಮೊದಲು ಕಳುಹಿಸು; ಯುಗಾದಿಯೊಳಗೆ ಕೈಸೇರಿದರೆ ಕೂಡಲೇ ಕೂತು ಓದುತ್ತೇನೆ.

ಇಂತಿ,
ನಿನ್ನ ಹಿತೈಷಿ